ಇಜ್ಜಿಗೊಂದು ಎಲೆ

ಸಿನೆಮಾದ ದೆವ್ವವನ್ನು ಕಂಡು ಹೆದರಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅದನ್ನು ಕಂಡು ಅಯ್ಯೋ ಪಾಪ ಎಂದವರನ್ನು ನೋಡಿದ್ದೀರೋ ಇಲ್ಲವೋ ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಅಂಥ ಒಂದು ಜೀವ ಉಂಟು. ಅದು ನನ್ನ ಅಮ್ಮ.

ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅಂಗಡಿಯ ಮೇಲಿನ ಮಹಡಿಯಲ್ಲೇ ಮನೆ. ಭಾನುವಾರ ಅಂಗಡಿಗೆ ರಜೆ, ಊಟವಾದ ಮೇಲೆ ನಾನು ಕುರ್ಚಿಗೆ ಒರಗಿ ನಿದ್ದೆ ಬಂದವನಂತೆ ನಟಿಸುವುದು, ಹಾಗೆ ನಟಿಸುತ್ತಲೇ ನಿಜವಾಗಿ ನಿದ್ದೆಹೋಗುವುದು ವಾಡಿಕೆ. ಹೋದ ಭಾನುವಾರ ಅದಕ್ಕೆ ಕಲ್ಲು ಬಿತ್ತು. ಬಿ.ಎಡ್. ಓದುತ್ತಿರುವ ಮಗಳು ಸ್ವಾತಿ ಟಿ.ವಿ.ಯಲ್ಲಿ ಒಂದು ಹೆದರಿಕೆಯ ಸಿನೆಮಾ ಹಾಕಿದಳು. ಮಕ್ಕಳ ಮನಸ್ಸಿನ ಬಗ್ಗೆ ಅವಳಿಗೆ ಪಾಠ ಉಂಟಂತೆ, ಅದಕ್ಕೆ ಉಪಯೋಗ ಆಗುತ್ತದಂತೆ. ಪಾಠಕ್ಕೆ ಉಪಯೋಗವಾಗುವ ಸಿನೆಮಾವನ್ನು ಕಿಟಕಿಯ ಪರದೆ ಎಳೆದು, ದಿಂಬು ಅಪ್ಪಿಕೊಂಡು ಯಾಕೆ ನೋಡಬೇಕು ಎಂದು ನಾನು ಕೇಳಲಿಲ್ಲ. ಬೆಳೆದ ಮಕ್ಕಳ ಹತ್ತಿರ ಎಲ್ಲವನ್ನೂ ಕೇಳಬಾರದು.

ಕಥೆ ಹೀಗೆ. ಯಾವುದೋ ದೇಶ. ಒಂದು ಪುಟ್ಟ ಹುಡುಗಿ, ಅವಳ ಅಪ್ಪ ಅಮ್ಮ, ಹೊಸದಾಗಿ ಕೊಂಡ ಮನೆ. ಹುಡುಗಿಗೆ ಒಬ್ಬಳು ಗೆಳತಿ ಸಿಗುತ್ತಾಳೆ. ಆ ಗೆಳತಿ ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಟ್ಟೆ ಒಗೆಯುವ ಯಂತ್ರದ ಹಿಂದೆ ಅವಳ ವಾಸ. ಮೊದಮೊದಲು ಹಾಡು, ಆಟ. ಆಮೇಲೆ ಒಂದೊಂದಾಗಿ ಗಾಜು ಒಡೆಯುತ್ತದೆ, ದೀಪ ಆರುತ್ತದೆ, ಮನೆಯ ನಾಯಿ ಕಾಣೆಯಾಗುತ್ತದೆ. ಕನ್ನಡಕ್ಕೆ ಡಬ್ ಮಾಡಿದ ಸಿನೆಮಾ ಅದು. ಮನುಷ್ಯರೆಲ್ಲ ಬೆಂಗಳೂರಿನ ಕನ್ನಡ ಮಾತಾಡಿದರೆ, ದೆವ್ವ ಮಾತ್ರ "ನಾನು ನಿನ್ನನ್ನು ಬಿಡುವುದಿಲ್ಲ, ನೀನು ನನ್ನೊಡನೆ ಬರಲೇಬೇಕು" ಎಂದು ಅಕ್ಷರ ಅಕ್ಷರ ಬಿಡಿಸಿ ಮಾತಾಡುತ್ತಿತ್ತು.

"ಈ ಪೀಡೆ ನಮ್ಮ ಕಡೆಯದ್ದು ಅಂತ ಕಾಣ್ತದೆ. ಎಷ್ಟು ಚಂದದ ಕನ್ನಡ!" ಎಂದೆ ನಾನು.

ಮಗಳು ನಗಲಿಲ್ಲ. ಅವಳ ಅರ್ಧ ಮುಖ ದಿಂಬಿನೊಳಗಿತ್ತು.

ಅಮ್ಮ ಮೊರ ಇಟ್ಟುಕೊಂಡು ಹಲಸಿನ ಬೀಜ ಸುಲಿಯುತ್ತ ಕೂತಿದ್ದಳು. ಅವಳಿಗೆ ಎಂಬತ್ತು ದಾಟಿದೆ. ಕಣ್ಣು ಮಾತ್ರ ಚುರುಕು, ಮಗನ ವ್ಯಾಪಾರಕ್ಕೆ ಏನೂ ಪ್ರಯೋಜನವಿಲ್ಲ. ಸಿನೆಮಾದಲ್ಲಿ ಆಗ ಊಟದ ಹೊತ್ತು. ಹುಡುಗಿ ಮೇಜಿನ ಬಳಿ ಒಂದು ಕುರ್ಚಿ ಎಳೆದು ಇದು ನನ್ನ ಗೆಳತಿಯ ಜಾಗ ಎಂದಳು. ತಾಯಿಯ ಮುಖ ಬಿಳುಚಿತು. ಅವಳು ಎದ್ದು ಬಂದು ಆ ಕುರ್ಚಿಯನ್ನು ಎತ್ತಿ ಹೊರಗಿಟ್ಟಳು. ಹಿನ್ನೆಲೆಯಲ್ಲಿ ಪಿಟೀಲು ಕಿರ್ರೆಂದಿತು.

ಅಮ್ಮ ಬೀಜ ಸುಲಿಯುವುದನ್ನು ನಿಲ್ಲಿಸಿದಳು.

"ಎಂತ ಹೆಂಗಸು ಮಾರಾಯ ಅವಳು? ಬಂದ ಮಗುವಿಗೆ ಒಂದು ಎಲೆ ಹಾಕುದು ಬಿಟ್ಟು ಕುರ್ಚಿ ತೆಗಿಯುದಾ? ಅದಕ್ಕೆ ಸಿಟ್ಟು ಬಾರದೆ ಇರ್ತದಾ?"

"ಅಜ್ಜಿ, ಅದು ದೆವ್ವ" ಎಂದಳು ಸ್ವಾತಿ ದಿಂಬಿನೊಳಗಿನಿಂದ.

"ದೆವ್ವ ಆದ್ರೆ ಎಂತ? ಮಗು ಅಲ್ವಾ?"

ಸ್ವಾತಿ ನನ್ನ ಮುಖ ನೋಡಿದಳು. ನಾನು ಟಿ.ವಿ. ನೋಡಿದೆ. ಆ ಸಿನೆಮಾದ ಮುಂದಿನ ಕಥೆ ನನಗೆ ಅರ್ಧಂಬರ್ಧವಷ್ಟೇ ಗೊತ್ತಿದೆ, ಏಕೆಂದರೆ ನನ್ನ ಮನಸ್ಸು ಆಗಲೇ ಪುತ್ತೂರಿನ ಹತ್ತಿರದ ನಮ್ಮೂರು ಸವಣೂರಿಗೆ ಹೋಗಿಯಾಗಿತ್ತು. ನನಗೂ ಅಂಥ ಒಬ್ಬಳು ಗೆಳತಿ ಇದ್ದಳು. ಅವಳ ಹೆಸರು ಇಜ್ಜಿ.

ತುಳು ಬಲ್ಲವರು ಈಗ ನಗಬಹುದು. ಬಾರದವರಿಗೆ ಹೇಳಿಬಿಡುತ್ತೇನೆ: ತುಳುವಿನಲ್ಲಿ ಇಜ್ಜಿ ಎಂದರೆ ಇಲ್ಲ. ಇಲ್ಲದ ಗೆಳತಿಗೆ ಇಲ್ಲ ಎಂದೇ ಹೆಸರಿಟ್ಟವನು ಭಾರಿ ಬುದ್ಧಿವಂತ ಹುಡುಗನಾಗಿರಬೇಕು ಎಂದುಕೊಳ್ಳಬೇಡಿ. ನನಗೆ ಆಗ ತುಳುವಿನ ಒಂದಕ್ಷರ ಬರುತ್ತಿರಲಿಲ್ಲ. ಪುತ್ತೂರು ಸೀಮೆಯಲ್ಲಿ ಹುಟ್ಟಿ ತುಳು ಬಾರದೆ ಇರುವುದು ಹೇಗೆ ಎಂದರೆ, ಅದು ಅಪ್ಪನ ಸಾಧನೆ. ನಮ್ಮ ಮನೆಮಾತು ಕನ್ನಡ. ತುಳು ಬೆರೆತರೆ ಶಾಲೆಗೆ ಹೋಗುವ ಹೊತ್ತಿಗೆ ಹುಡುಗನ ಕನ್ನಡ ಕೆಡುತ್ತದೆ ಎಂದು ಅಪ್ಪ ಹಟ ಹಿಡಿದಿದ್ದರು. ಅವರಿಗೆ ಸವಣೂರು ಪೇಟೆಯಲ್ಲಿ ಹಿಟ್ಟಿನ ಗಿರಣಿ. ಬಂದ ಗಿರಾಕಿಗಳ ಜೊತೆ ಬೆಳಗಿನಿಂದ ಸಂಜೆಯವರೆಗೆ ತುಳು, ಬ್ಯಾರಿ, ಅರೆಭಾಷೆ, ಬೇಕಾದರೆ ಒಂದಿಷ್ಟು ಮಲಯಾಳ. ಮಗನ ಜೊತೆ ಮಾತ್ರ ಪಠ್ಯಪುಸ್ತಕ.

ಗಿರಣಿಯ ಹಿಂದೆ ಮನೆ, ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಪಕ್ಕ ಹುಳಿ ಹುಳಿ ಕಾಯಿ ಬಿಡುವ ಒಂದು ಬಿಂಬುಳಿ ಮರ. ಶಾಲೆಗೆ ಸೇರುವ ಮೊದಲು ನನ್ನ ಲೋಕ ಅಷ್ಟೇ. ಗಿರಣಿಯ ಸದ್ದಿಗೆ ಮನೆಯವರೆಲ್ಲ ಕೂಗಿ ಮಾತಾಡುವುದು ರೂಢಿ, ಹಾಗಾಗಿ ನನ್ನ ಜೊತೆ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಬಿಂಬುಳಿ ಮರದಡಿ ನಾನೇ ಯಾರ ಜೊತೆಗೋ ಮೆಲ್ಲಗೆ ಮಾತಾಡಲು ಶುರುಮಾಡಿದೆ. ಅವಳು ನನಗಿಂತ ಸ್ವಲ್ಪ ದೊಡ್ಡವಳು, ಜಡೆ ಇಲ್ಲ, ಸಿಟ್ಟು ಇಲ್ಲ, ನಾನು ಹೇಳಿದ ಆಟಕ್ಕೆಲ್ಲ ಒಪ್ಪುವವಳು. ಇಷ್ಟು ಒಳ್ಳೆಯ ಹೆಣ್ಣು ಆಮೇಲೆ ನನಗೆ ಯಾರೂ ಸಿಗಲಿಲ್ಲ. ಇದನ್ನು ಹೆಂಡತಿ ಓದುವುದಿಲ್ಲ ಎಂದು ನಂಬಿದ್ದೇನೆ.

ಹೆಸರು ಬಂದದ್ದು ಹೀಗೆ. ನಮ್ಮ ಮನೆಗೆ ಅಕ್ಕಿ ಗೇರಲು, ಬಟ್ಟೆ ಒಗೆಯಲು ಬರುತ್ತಿದ್ದ ಲೀಲಕ್ಕ ಒಂದು ದಿನ ನಾನು ಮರದಡಿ ಮಾತಾಡುತ್ತಿರುವುದನ್ನು ಕಂಡು, ಒಳಗಿದ್ದ ಅಮ್ಮನಿಗೆ ತುಳುವಿನಲ್ಲಿ ಕೂಗಿ ಕೇಳಿದಳು: "ಅವುಳು ಏರ್ ಉಲ್ಲೆರ್ ಅಕ್ಕಾ?" ಅಲ್ಲಿ ಯಾರಿದ್ದಾರೆ ಅಂತ. ಅಮ್ಮ ಅಡಿಗೆಮನೆಯಿಂದ ಕೂಗಿದಳು: "ಇಜ್ಜಿ, ಇಜ್ಜಿ."

ತುಳು ಬಾರದಿದ್ದರೂ ಅದೊಂದು ಪ್ರಶ್ನೆ, ಇದೊಂದು ಉತ್ತರ ಎಂಬುದು ನನಗೆ ತಿಳಿಯಿತು. ಇಷ್ಟು ದಿನ ಜೊತೆಗಿದ್ದವಳ ಹೆಸರು ಕೇಳಲು ನನಗೇ ತೋಚಿರಲಿಲ್ಲ, ಅಮ್ಮನಿಗೆ ನೋಡಿದರೆ ಮೊದಲೇ ಗೊತ್ತಿದೆ! ಆ ಸಂಜೆ ನಾನು ಒಳಗೆ ಹೋಗಿ, ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಕೇಳಿದ ಪ್ರಶ್ನೆಗೆ ಠೀವಿಯಿಂದ ಉತ್ತರಿಸಿದೆ.

"ಇಷ್ಟು ಹೊತ್ತು ಯಾರೊಟ್ಟಿಗೆ ಆಡ್ತಾ ಇದ್ದದ್ದು ಮಗಾ?"

"ಇಜ್ಜಿಯೊಟ್ಟಿಗೆ."

ಅಜ್ಜಿ ಹಿಡಿದಿದ್ದ ಚಂಬು ಕೆಳಗಿಟ್ಟರು. ಅಮ್ಮ ಒಲೆಯ ಮುಂದೆ ಹಾಗೆಯೇ ನಿಂತಳು. ತುಳು ಬಾರದ ಮಗು, ಇಲ್ಲದವಳ ಜೊತೆ ಆಡಿ ಬಂದೆ ಎನ್ನುತ್ತಿದೆ. ಇದನ್ನು ಅದಕ್ಕೆ ಕಲಿಸಿದವರು ಯಾರು?

ಅವರು ಯಾಕೆ ಅಷ್ಟು ಬೆಚ್ಚಿದರು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ನನಗಿಂತ ಮೊದಲು ಅಮ್ಮನಿಗೆ ಒಂದು ಹೆಣ್ಣುಮಗು ಆಗಿತ್ತು. ಸುಳ್ಯದ ಕಡೆ ಅವಳ ತವರಿನಲ್ಲಿ ಹೆರಿಗೆ. ಹೆಸರಿಡುವ ದಿನ ಗೊತ್ತುಮಾಡಿದ್ದರು, ಅಷ್ಟರೊಳಗೆ ಮಗು ಹೋಯಿತು. ಹೆಸರಿಲ್ಲದೆ ಹೋದ ಮಗುವಿಗೆ ಯಾರೂ ದೊಡ್ಡ ಶೋಕ ಮಾಡುವ ಕ್ರಮ ಇರಲಿಲ್ಲ. ಇನ್ನೊಂದು ಆಗುತ್ತದೆ ಬಿಡು ಎಂದರು. ಅಮ್ಮ ಸವಣೂರಿಗೆ ವಾಪಸು ಬಂದಳು, ಗಿರಣಿ ಓಡುತ್ತಿತ್ತು, ಮತ್ತೆ ಆ ಮಗುವಿನ ಮಾತು ಮನೆಯಲ್ಲಿ ಬರಲಿಲ್ಲ. ಇನ್ನೊಂದು ಆಯಿತು. ಆ ಇನ್ನೊಂದು ನಾನು.

ಈಗ ಅಮ್ಮನ ಜಾಗದಲ್ಲಿ ನಿಂತು ನೋಡಿ. ಒಂದನ್ನು ಕಳಕೊಂಡವಳು. ಉಳಿದ ಒಂದು ಬಿಂಬುಳಿ ಮರದಡಿ ಯಾರ ಜೊತೆಗೋ ಆಡುತ್ತಿದೆ. "ಅವಳು ಎಷ್ಟು ದೊಡ್ಡವಳು?" ಎಂದು ಕೇಳಿದರೆ "ನನಗಿಂತ ಸ್ವಲ್ಪ ದೊಡ್ಡವಳು" ಎನ್ನುತ್ತದೆ. ಪೇಟೆಯ ದರ್ಜಿ ನನ್ನ ಅಳತೆ ತೆಗೆಯಲು ಬಂದಾಗ "ಇಜ್ಜಿಗೆ ಅಂಗಿಯೇ ಇಲ್ಲ, ಅವಳಿಗೂ ಹೊಲಿಸಿ" ಎನ್ನುತ್ತದೆ. ಗಿರಣಿಯ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂತು, ಇನ್ನೊಂದರಲ್ಲಿ ಇಜ್ಜಿ ಕೂತಿದ್ದಾಳೆ ಎನ್ನುತ್ತದೆ. ಆ ತಟ್ಟೆ ಕೆಳಗೆ ಬರುವುದಿಲ್ಲ. "ಅವಳಿಗೆ ಭಾರವೇ ಇಲ್ಲ ಅಪ್ಪಾ" ಎಂದು ಅಚ್ಚಗನ್ನಡದಲ್ಲಿ ವಿವರಿಸುತ್ತದೆ. ಸಿನೆಮಾ ಮಾಡುವವರು ನನ್ನನ್ನು ಕೇಳಿದ್ದರೆ ಅವರಿಗೆ ಒಳ್ಳೆಯ ದೃಶ್ಯಗಳನ್ನು ಕೊಡಬಹುದಿತ್ತು. ಹೆದರಿಸುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಅಮ್ಮ ನನ್ನನ್ನು ಅಂಗಳಕ್ಕೆ ಬಿಡುವುದು ಕಡಿಮೆ ಮಾಡಿದಳು. ಬಿಟ್ಟರೂ ತಾನು ಕಲ್ಲಿನ ಮೇಲೆ ಕೂತು ಕಾಯುವಳು. ಆ ಮಳೆಗಾಲದ ಕೊನೆಗೆ ನನಗೆ ಜ್ವರ ಬಂತು. ಸವಣೂರಿನ ಡಾಕ್ಟರು ಮಾತ್ರೆ ಕೊಟ್ಟರು, ಜ್ವರ ಇಳಿಯಿತು, ಮತ್ತೆ ಏರಿತು. ಜ್ವರದ ನಡುವೆ ನಾನು ಎದ್ದು ಕೂತು ಹೇಳಿದೆನಂತೆ: "ಇಜ್ಜಿ ಕರೀತಾ ಇದ್ದಾಳೆ. ಅವಳಲ್ಲಿಗೆ ಹೋಗ್ಬೇಕು."

ಅಮ್ಮ ಅಳಲಿಲ್ಲವಂತೆ, ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳಂತೆ. ಇದನ್ನು ಹೇಳಿದ್ದು ಲೀಲಕ್ಕ.

ಸುದ್ದಿ ಕೆದಂಬಾಡಿಗೆ ಮುಟ್ಟಿತು. ಅಲ್ಲಿಂದ ದೊಡ್ಡಪ್ಪ ಬಂದರು. ನಮ್ಮ ದೊಡ್ಡಪ್ಪನಿಗೆ ಪ್ರತಿಯೊಂದಕ್ಕೂ ಒಬ್ಬ ಜನ ಗೊತ್ತು. ಹಲ್ಲುನೋವಿಗೆ ಒಬ್ಬ, ದನದ ಕೆಚ್ಚಲು ಬಾತರೆ ಒಬ್ಬ, ಕೋರ್ಟಿನ ವಾಯಿದೆ ಮುಂದೆ ಹಾಕಿಸಲು ಒಬ್ಬ. ಪ್ರೇತ ಬಿಡಿಸಲೂ ಒಬ್ಬ ಇದ್ದ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಅವರು ಅದನ್ನು ತೀರಾ ಸುಲಭದ ಕೆಲಸವೆಂಬಂತೆ ಹೇಳಿದರು.

"ಹೆದರುದು ಬೇಡ. ನಾಡಿದ್ದು ಕರ್ಕೊಂಡು ಬರ್ತೇನೆ. ಆ ಬಿಂಬುಳಿ ಮರಕ್ಕೇ ಮೊಳೆ ಹೊಡೆದು ಕಟ್ಟಿಸಿ ಬಿಡುವ. ಮತ್ತೆ ಈಚೆ ಬರುದಿಲ್ಲ."

ಅಪ್ಪ ಬೇಡ ಎನ್ನದೆ ಗಿರಣಿಗೆ ಎದ್ದು ಹೋದರು. ಅಜ್ಜಿಯೂ ಬೇಡ ಎನ್ನಲಿಲ್ಲ, ಅವರಿಗೆ ಮೊಮ್ಮಗ ಉಳಿದರೆ ಸಾಕಿತ್ತು. ನಾನು ಒಳಗಿನ ಕೋಣೆಯಲ್ಲಿ ಚಾಪೆಯ ಮೇಲಿದ್ದೆ. ಮುಂದಿನದು ನನ್ನ ನೆನಪೋ, ಲೀಲಕ್ಕನ ಬಾಯಿಯಿಂದ ಕೇಳಿ ಕೇಳಿ ನನ್ನದಾದದ್ದೋ, ಈಗ ಬಿಡಿಸಲಾಗದು.

ಅಮ್ಮ ಅಡಿಗೆಮನೆಯಿಂದ ಜಗಲಿಗೆ ಬಂದಳು. ಭಾವನೆದುರು ನಿಂತು ಮಾತಾಡಿದ್ದು ಅದೇ ಮೊದಲಂತೆ.

"ಯಾರನ್ನು ಕಟ್ಟಿಸುದು?"

"ಅದನ್ನು" ಎಂದರು ದೊಡ್ಡಪ್ಪ.

"ಅದು ಅಂದ್ರೆ ಯಾರು ಭಾವ?"

ದೊಡ್ಡಪ್ಪ ಎಲೆಅಡಿಕೆ ಉಗುಳುವ ನೆವದಲ್ಲಿ ಅಂಗಳದ ಕಡೆ ನೋಡಿದರು.

"ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ನಾನು" ಎಂದಳು ಅಮ್ಮ. "ಅವಳೇ ಬಂದದ್ದು ಅಂತ ಆದ್ರೆ ಮೊಳೆ ಹೊಡಿಲಿಕ್ಕೆ ನಾನು ಬಿಡುದಿಲ್ಲ. ಅವಳಲ್ಲ ಅಂತ ಆದ್ರೆ ಯಾರದ್ದೋ ಮಗು. ಅದಕ್ಕೂ ಹಸಿವು ಇರ್ತದೆ."

ಹೀಗೆ ಹೇಳಿ ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಇಳಿದಳು. ಬಿಂಬುಳಿ ಮರದ ಹತ್ತಿರ ಹೋಗಿ, ಪಕ್ಕದ ಮನೆಯ ಹುಡುಗಿಯನ್ನು ಕರೆಯುವ ದನಿಯಲ್ಲಿ ಕರೆದಳು.

"ನೋಡು ಮಗಾ, ಅವನಿಗೆ ಜ್ವರ. ಅವನನ್ನು ಅಲ್ಲಿಗೆ ಕರಿಬೇಡ, ಆಯ್ತಾ? ಅವನು ಬರುದು ಬೇಡ. ನೀನೇ ಒಳಗೆ ಬಾ. ಊಟಕ್ಕೆ ಬಾ."

ನಮ್ಮ ಕಡೆ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಮನೆಯ ಹಿರಿಯರಿಗೆಲ್ಲ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಸ್ವಲ್ಪ ಹೊತ್ತು ಕಾಯುವುದು. ಹಿರಿಯರು ಉಂಡು ಹೋಗುತ್ತಾರೆ, ಆಮೇಲೆ ನಾವು ಉಣ್ಣುವುದು. ಆದರೆ ಅದು ಬಾಳಿ ಬದುಕಿ ಹೋದವರಿಗೆ. ಹೆಸರಿಲ್ಲದ ಕೂಸಿಗೆ, ಅದೂ ತಿಂಗಳಲ್ಲದ ತಿಂಗಳಲ್ಲಿ, ಎಲೆ ಹಾಕುವುದುಂಟೇ ಎಂದು ದೊಡ್ಡಪ್ಪ ಕೇಳಿದರು. ಉತ್ತರ ಕೊಟ್ಟವರು ಅಜ್ಜಿ. ಅವರಿಗೆ ಅಷ್ಟರಲ್ಲಿ ಮನಸ್ಸು ತಿರುಗಿತ್ತು.

"ಕ್ರಮ ಇಲ್ಲದಿದ್ರೆ ಇವತ್ತಿಂದ ಉಂಟು ಅಂತ ಮಾಡುವ. ನೀನು ಊಟ ಮಾಡಿಯೇ ಹೋಗು."

ಅಮ್ಮ ಅರಸಿನ ಎಲೆಯಲ್ಲಿ ಬೆಲ್ಲ ತೆಂಗಿನಕಾಯಿಯ ಕಡುಬು ಬೇಯಿಸಿದಳು. ನನ್ನ ಚಾಪೆಯ ಪಕ್ಕ ಒಂದು ಪುಟ್ಟ ಎಲೆ ಹಾಕಿ ಇಜ್ಜಿಗೆ ಬಡಿಸಿದಳು. ನನಗೆ ಗಂಜಿ. ಇಲ್ಲಿ ನನ್ನ ನೆನಪು ಗಟ್ಟಿ, ಇದರಲ್ಲಿ ಲೀಲಕ್ಕನ ಪಾಲೇನೂ ಇಲ್ಲ. ಜ್ವರ ಇಲ್ಲದವಳಿಗೆ ಕಡುಬು, ಜ್ವರ ಬಂದವನಿಗೆ ಗಂಜಿ. ಅಂಥ ಅನ್ಯಾಯವನ್ನು ನಾನು ಅದರ ಮೊದಲು ಕಂಡಿರಲಿಲ್ಲ. ಸ್ವಲ್ಪ ಹೊತ್ತು ಆ ಕಡುಬನ್ನೇ ನೋಡುತ್ತ ಮಲಗಿದ್ದು, ಕೊನೆಗೆ ಹೇಳಿದೆ:

"ಅಮ್ಮಾ, ಇಜ್ಜಿಗೆ ಹೊಟ್ಟೆ ತುಂಬಿತಂತೆ. ಉಳಿದದ್ದು ನನಗಂತೆ."

ಅಮ್ಮ ನನ್ನನ್ನು ನೋಡಿದಳು, ಎಲೆಯನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಗು ನಿಲ್ಲಲಿಲ್ಲ. ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆಮೇಲೆ ಅದು ನಗುವಲ್ಲ ಎಂದು ನನಗೂ ಗೊತ್ತಾಯಿತು. ಆ ಮಗುವಿಗಾಗಿ ಅವಳು ಮನೆಯವರೆದುರು ಮೊದಲ ಸಲ ಅತ್ತದ್ದು ಆ ದಿನವಂತೆ. ಅಪ್ಪ ಗಿರಣಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತರು. ಗಿರಾಕಿಗಳು ಹೊರಗೆ ಕಾಯುತ್ತಿದ್ದರೂ ಅವರು ಹೋಗಲಿಲ್ಲ.

ಜ್ವರ ಇಳಿಯಿತು. ಡಾಕ್ಟರ ಮಾತ್ರೆಯಿಂದ ಎಂದು ಅಪ್ಪ, ಎಲೆಯಿಂದ ಎಂದು ಅಜ್ಜಿ. ಕಡುಬಿನಿಂದ ಎಂಬುದು ನನ್ನ ಅಭಿಪ್ರಾಯ, ಅದನ್ನು ಈಗಲೂ ಬದಲಿಸಿಲ್ಲ.

ಅಲ್ಲಿಂದ ಮುಂದೆ ಇಜ್ಜಿ ನಮ್ಮ ಮನೆಯ ಹುಡುಗಿಯಾದಳು. ಮನೆಯವರು ಅವಳನ್ನು ಹೆದರದೆ ಕರೆದರು, ಬೈದರು ಕೂಡ. ನಾನು ಮಾಡಿದ ಕಿತಾಪತಿಯನ್ನು ಅವಳ ತಲೆಗೆ ಕಟ್ಟಿದರೆ ಅಜ್ಜಿ "ಪಾಪದ ಹುಡುಗಿ, ಯಾರ ತಂಟೆಗೂ ಹೋಗುದಿಲ್ಲ, ಅದು ಹಾಗೆ ಮಾಡ್ಲಿಕ್ಕಿಲ್ಲ" ಎಂದು ನನ್ನ ಕಿವಿಯನ್ನೇ ಹಿಂಡುತ್ತಿದ್ದರು. ಶಾಲೆಗೆ ಸೇರಿದ ಮೇಲೆ ನನಗೆ ತುಳು ಬಂತು. ಬಂದ ರೀತಿ ಮರ್ಯಾದೆಯದ್ದಲ್ಲ. ನನ್ನ ಗೆಳತಿಯ ಹೆಸರು ಇಜ್ಜಿ ಎಂದು ಇಡೀ ಕ್ಲಾಸಿಗೆ ಹೇಳಿ, ಎಲ್ಲರೂ ಬೆಂಚು ತಟ್ಟಿ ನಕ್ಕಾಗ ಬಂತು. ಅಳುತ್ತ ಮನೆಗೆ ಬಂದು ಅಮ್ಮನ ಮುಂದೆ ನಿಂತೆ.

"ಇಜ್ಜಿ ಅಂದ್ರೆ ಇಲ್ಲ ಅಂತ ಅಂತೆ ಅಮ್ಮಾ!"

"ಅದು ತುಳುವಲ್ಲಿ" ಎಂದಳು ಅಮ್ಮ. "ನಮ್ಮ ಮನೆಯಲ್ಲಿ ಅದು ಹೆಸರು."

ಗೆಳೆಯರು ಸಿಕ್ಕಿದರು, ಕ್ರಿಕೆಟ್ಟು ಬಂತು, ನಾನು ಇಜ್ಜಿಯನ್ನು ಮರೆತೆ. ಅಮ್ಮ ಮರೆಯಲಿಲ್ಲ. ಪ್ರತಿ ಆಟಿಯಲ್ಲಿ ಹಿರಿಯರ ಸಾಲಿನ ತುದಿಗೆ ಒಂದು ಪುಟ್ಟ ಎಲೆ ಬೀಳುತ್ತಿತ್ತು. ವರ್ಷ ಹೋದ ಹಾಗೆ ಅದು ದೊಡ್ಡ ಎಲೆಯಾಯಿತು. ಹುಡುಗಿ ಬೆಳೆಯುತ್ತಾಳೆ, ಊಟವೂ ಹೆಚ್ಚುತ್ತದೆ ಎಂಬುದು ಅಮ್ಮನ ಲೆಕ್ಕ.

ಬೆಳೆದ ಹುಡುಗಿಗೆ ಮದುವೆ ಆಗಬೇಕಲ್ಲ. ಈ ಮಾತು ಓದಿ ಘಟ್ಟದ ಮೇಲಿನ ಓದುಗರು ಬೆಚ್ಚಬೇಕಾಗಿಲ್ಲ. ಎಳವೆಯಲ್ಲಿ ತೀರಿದ ಮಕ್ಕಳಿಗೆ ಪ್ರಾಯಕ್ಕೆ ಬಂದಾಗ ಮದುವೆ ಮಾಡಿಸುವುದು ನಮ್ಮ ಸೀಮೆಯಲ್ಲಿ ಉಂಟು. ಅಕ್ಕ ಹಾಗೆಯೇ ನಿಂತಿದ್ದರೆ ತಮ್ಮನ ಮದುವೆಗೆ ಅಡ್ಡಿಯಾಗುತ್ತದೆ ಎಂದು ನಂಬಿಕೆ. ನನ್ನ ಮದುವೆಗೆ ಅಡ್ಡಿ ಬೇಕಾದಷ್ಟಿತ್ತು. ಒಬ್ಬರು ದರ್ಬೆಯಲ್ಲಿ ನಡೆಸುತ್ತಿದ್ದ ಕನ್ನಡಕದ ಅಂಗಡಿಯಲ್ಲಿ ನಾನು ಆಗ ಕೆಲಸದವನು. ನನ್ನ ಮೂಗಿನ ಮೇಲಿದ್ದ ಕನ್ನಡಕ ಅಂಗಡಿಯ ಯಾವ ಕನ್ನಡಕಕ್ಕಿಂತಲೂ ದಪ್ಪ. ಹುಡುಗಿ ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯ ಅತ್ತಿಗೆಗೆ ನಮಸ್ಕಾರ ಮಾಡಿ, ಹುಡುಗಿ ಒಪ್ಪಿಗೆ ಎಂದು ಬಂದಿದ್ದೆ. ಆದರೂ ಸಂಬಂಧ ತಪ್ಪಿದಾಗಲೆಲ್ಲ ಹಳಿಯುವುದಕ್ಕೆ ನನ್ನ ಮುಖ ಬೇಕಾಗಲಿಲ್ಲ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದಾಗ, ಮನೆಯಲ್ಲಿ ದೊಡ್ಡವಳೊಬ್ಬಳು ಕಾಯುತ್ತಿದ್ದಾಳೆ ಎಂದು ಬಂತು. ನನ್ನ ಮಾನ ಉಳಿಸಿದ ಮೊದಲ ಹೆಣ್ಣು ಅವಳು.

ಗಂಡು ಹುಡುಕಿದರು. ಜಾತಿ, ಗೋತ್ರದ ಹಾಗಿನ ಬಳಿ ಎಲ್ಲ ನೋಡಿ, ಬದುಕಿರುವವರಿಗೆ ಹುಡುಕುವ ಹಾಗೆಯೇ. ಕಡಬದ ಹತ್ತಿರ ಒಂದು ಮನೆಯಲ್ಲಿ ಹುಡುಗ ಇದ್ದ. ನಡೆಯಲು ಕಲಿತ ಪ್ರಾಯದಲ್ಲಿ ಹೋದವನು. ಅವನ ತಾಯಿ ದೇವಕಿ. ಅವಳ ಮನೆಯವರೂ ಹೆಣ್ಣು ಹುಡುಕುತ್ತಿದ್ದರು. ಒಂದು ಸಂಜೆ ನಮ್ಮ ಜಗಲಿಯಲ್ಲಿ ಮದುವೆ ನಡೆಯಿತು. ಒಂದು ಮಣೆಯ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು, ಪೇಟ. ಅಪ್ಪ ಬಿಳಿ ಅಂಗಿ ಹಾಕಿ, ಯಾವ ಮದುವೆಯಲ್ಲೂ ಹೆಣ್ಣಿನ ಅಪ್ಪ ಬೆವರುವಷ್ಟೇ ಬೆವರುತ್ತಿದ್ದರು. ಊಟಕ್ಕೆ ಜನ ಬಂದಿದ್ದರು. ಪಾಯಸ ಸಾಕಾಗಲಿಲ್ಲ ಎಂದು ಆಡಿಕೊಂಡವರೂ ಇದ್ದರು, ಮದುವೆ ಎಂದ ಮೇಲೆ ಅದೂ ಬೇಕು.

ಧಾರೆ ಎರೆಯುವ ಹೊತ್ತಿಗೆ ಮದುವೆ ನಡೆಸಿಕೊಡುತ್ತಿದ್ದ ಹಿರಿಯರು ಕೇಳಿದರು: "ಹುಡುಗಿಯ ಹೆಸರು ಎಂತ?"

ಅಷ್ಟೆಲ್ಲ ಏರ್ಪಾಡು ಮಾಡಿದವರಿಗೆ ಇದೊಂದು ಹೊಳೆದಿರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡರು. ಆಗ ಅಮ್ಮ ಹೇಳಿದಳು.

"ಇಜ್ಜಿ."

"ಹೆಸರು ಇಲ್ಲದಿದ್ರೂ ತೊಂದರೆ ಇಲ್ಲ" ಎಂದರು ಹಿರಿಯರು ಸಮಾಧಾನದ ದನಿಯಲ್ಲಿ. "ಮನೆಯ ಮಗಳು ಅಂತ ಹೇಳಿ ಎರೆಯುವ."

"ಇಲ್ಲ ಅಂತ ಹೇಳಿದ್ದಲ್ಲ ನಾನು. ಹೆಸರೇ ಅದು. ಇಜ್ಜಿ."

ಒಬ್ಬಿಬ್ಬರು ನಗು ನುಂಗಿದ್ದು ನನಗೆ ಕೇಳಿಸಿತು. ಹಿರಿಯರು ಒಂದು ಕ್ಷಣ ಅಮ್ಮನ ಮುಖ ನೋಡಿ, ತಲೆಯಾಡಿಸಿ, ಆ ಹೆಸರನ್ನು ಗಟ್ಟಿಯಾಗಿ ಹೇಳಿ ನೀರು ಎರೆಸಿದರು. ಕಂಬದ ಹತ್ತಿರ ಕೂತಿದ್ದ ಲೀಲಕ್ಕ, ಆಗ ಅವಳಿಗೂ ವಯಸ್ಸಾಗಿತ್ತು, ಅಮ್ಮನ ಕಿವಿಯ ಹತ್ತಿರ ಬಾಗಿದಳು.

"ಆ ಹೆಸರು ಇಟ್ಟದ್ದು ನೀವೇ ಅಲ್ವಾ ಅಕ್ಕ? ಅವತ್ತು ಅಲ್ಲಿ ಯಾರು ಅಂತ ನಾನು ಕೇಳಿದ್ದಕ್ಕೆ ನೀವು ಒಳಗಿಂದ ಕೂಗಿದ್ದು. ಅದನ್ನೇ ಇವ ಹಿಡ್ಕೊಂಡದ್ದು."

ನಾನು ಹೆದರಿದೆ. ಇಷ್ಟು ವರ್ಷ ಕಾಯ್ದುಕೊಂಡದ್ದು ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು ಎಂದು ತಿಳಿದರೆ ಅಮ್ಮನಿಗೆ ಹೇಗಾದೀತು? ಆದರೆ ಅವಳ ಮುಖ ಅರಳಿತು.

"ಹೌದಾ? ಹಾಗಾದ್ರೆ ನಾನೇ ಇಟ್ಟದ್ದಾ?" ಎಂದಳು. ಅವಳು ಅದನ್ನು ಆ ಸಂಜೆ ಊಟಕ್ಕೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಊಟವಾದ ಮೇಲೆ ದೇವಕಿ ಅಮ್ಮನ ಪಕ್ಕ ಬಂದು ಕೂತು, ನಿಮ್ಮ ಮಗಳಿಗೆ ತಿನ್ನಲು ಎಂತ ಇಷ್ಟ ಎಂದು ಕೇಳಿದಳು. ಅಮ್ಮ ಒಂದಿಷ್ಟೂ ತಡೆಯದೆ ಅರಸಿನ ಎಲೆಯ ಕಡುಬು ಎಂದಳು. ಅದು ನನ್ನ ರುಚಿ ಎಂದು ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ತಂದುಕೊಂಡ ಸೊಸೆಗಾಗಿ ಕಡಬದ ಆ ಮನೆಯಲ್ಲಿ ಈಗಲೂ ಆಟಿಯಲ್ಲಿ ಕಡುಬು ಆಗುತ್ತದೆ, ಒಂದು ಡಬ್ಬಿ ಬಸ್ಸಿನಲ್ಲಿ ಪುತ್ತೂರಿಗೂ ಬರುತ್ತದೆ. ಆ ಮದುವೆಯಾದ ವರ್ಷವೇ ನನ್ನದೂ ಆಯಿತು. ಹುಡುಗಿ ಯಾರು, ಅವಳ ಅತ್ತಿಗೆ ಯಾರು ಎಂದು ಈ ಸಲ ಸರಿಯಾಗಿ ನೋಡಿಕೊಂಡೆ.

ಇದನ್ನೆಲ್ಲ ನಂಬುತ್ತೀಯಾ ಎಂದು ನೀವು ಕೇಳಿದರೆ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಕಾಣದ್ದನ್ನು ಕಾಣಿಸುವುದು ನನ್ನ ಹೊಟ್ಟೆಪಾಡು, ಆದರೆ ಅದು ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಮಟ್ಟಿಗೆ. ಇಜ್ಜಿ ಇದ್ದಳೋ ಇಲ್ಲವೋ ನನಗೆ ತಿಳಿಯದು. ನನ್ನ ಅಮ್ಮ ನನಗಾಗಿ ನಡುಗುತ್ತಿದ್ದಾಗಲೂ ಬಿಂಬುಳಿ ಮರದಡಿ ಹೋಗಿ, ತನಗೆ ಕಾಣದ ಒಂದು ಮಗುವನ್ನು ಊಟಕ್ಕೆ ಕರೆದಳು ಎಂಬುದು ಮಾತ್ರ ಗೊತ್ತು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನಾನು ಋಣಿ. ನನ್ನ ಹುಚ್ಚಾಟವನ್ನು ಹುಚ್ಚು ಎನ್ನದ ಅಜ್ಜಿಗೂ, ಗಿರಣಿ ನಿಲ್ಲಿಸಿ ಬಂದ ಅಪ್ಪನಿಗೂ ಋಣಿ. ಮೊಳೆ ತರದೆ ಉಂಡು ಹೋದ ದೊಡ್ಡಪ್ಪನಿಗೆ ಕೂಡ.

ಸಿನೆಮಾ ಮುಗಿಯುತ್ತ ಬಂದಿತ್ತು. ಪಾದ್ರಿ ಬಂದರು, ಮನೆಗೆ ಬೆಂಕಿ ಬಿತ್ತು, ಗೆಳತಿ ಕಿರುಚುತ್ತ ಬೂದಿಯಾದಳು. ತಾಯಿ ಮಗುವನ್ನು ಎತ್ತಿಕೊಂಡು ಕಾರು ಹತ್ತಿದಳು. ಸ್ವಾತಿ ದಿಂಬು ಕೆಳಗಿಟ್ಟು ಉಸಿರು ಬಿಟ್ಟಳು. ಅಮ್ಮ ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ದೇವಕಿಗೆ ಫೋನು ಹಚ್ಚಿಕೊಡು ಎಂದಳು. ಇಬ್ಬರಿಗೂ ಈಗ ಕಿವಿ ಮಂದ. ಹಾಗಾಗಿ ಬೀಗಿತ್ತಿಯರ ಮಾತು ಸ್ಪೀಕರಿನಲ್ಲೇ ನಡೆಯುವುದು, ಮನೆಮಂದಿಗೆಲ್ಲ ಕೇಳುವ ಹಾಗೆ.

"ಒಂದು ಸಿನೆಮಾ ನೋಡಿದೆ ಮಾರಾಯ್ತಿ" ಎಂದು ಅಮ್ಮ ಶುರುಮಾಡಿದಳು. "ತೀರಿಹೋದ ಒಂದು ಮಗು ಮನೆಯವರನ್ನೆಲ್ಲ ಗೋಳು ಹೊಯ್ಯುದು. ಮತ್ತೆ ಅವರು ಅದನ್ನು ಸುಟ್ಟೇ ಬಿಟ್ರು."

"ಛೇ! ಸುಟ್ರಾ?" ಕಡಬದಿಂದ ದೇವಕಿಯ ದನಿ ಬಂತು.

"ಸುಟ್ರು. ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ." ಅಮ್ಮ ಫೋನನ್ನು ಬಾಯಿಯ ಹತ್ತಿರ ತಂದಳು. "ನಮ್ಮ ಮಕ್ಕಳು ಎಷ್ಟು ಒಳ್ಳೆಯವರು ಅಲ್ವಾ ದೇವಕಿ? ಇಷ್ಟು ವರ್ಷದಲ್ಲಿ ಒಂದು ದಿನ ನಮ್ಮನ್ನು ಹೆದರಿಸ್ಲಿಲ್ಲ."

"ಹೌದು ಅಕ್ಕ" ಎಂದಳು ದೇವಕಿ. "ಪಾಪದ ಮಕ್ಕಳು ನಮ್ಮವು."